ಗಟ್ಟಿಯಾದದ್ದು

ತೊಂಬತ್ತನೆಯ ಪುಟಕ್ಕೆ ಬಂದರೂ
ಅವಳಿಗೆ ಹೆಸರಿಲ್ಲ.
ಗೋಬಿಯ ಅಂಚಿನ ಸಣ್ಣ ಸ್ಟೇಷನ್ನಿನಲ್ಲಿ
ಟಿಕೆಟ್ಟು ಹರಿದುಕೊಡುವ ಹೆಂಗಸು,
ಬರೀ ‘ಅವಳು’.
ಸಂಪಾದಕ ಜಾಂಚಿವ್ ಕನ್ನಡಕ ಹಣೆಗೇರಿಸಿ ಕೇಳುತ್ತಾನೆ:
“ಏನಮ್ಮಾ, ಹೆಸರಿಗೂ ಬರಗಾಲವೆ ನಿನಗೆ?”
ಕಿಟಕಿಯಾಚೆ ಉಲಾನ್‌ಬಾತರಿನ ಹೊಗೆ,
ಎದುರು ಮನೆ ಇದೆಯೋ ಇಲ್ಲವೋ.

ಇಡುವುದೇನು ಕಷ್ಟ?
ಮೊದಲ ಸಾಲಿನಲ್ಲೇ ಇಟ್ಟುಬಿಟ್ಟರೆ
ಕುರಿಯ ಕಿವಿಗೆ ಗುರುತು ಕೊಯ್ದ ಹಾಗೆ;
ಯಾವ ಹಿಂಡಿಗೆ ಸೇರಿಕೊಂಡರೂ
ಓದುಗ ಹಿಡಿದು ತರುತ್ತಾನೆ.
ಕುಡಿದು ಬಂದ ಗಂಡನ ಬಾಯಲ್ಲಿ ಉಗುಳಿಸಬಹುದು.
ಆಸ್ಪತ್ರೆಯ ಚೀಟಿಯಲ್ಲಿ
ಒಂದಕ್ಷರ ತಪ್ಪಾಗಿ ಬರೆಸಬಹುದು.
ಕೊನೆಯ ಪುಟದವರೆಗೆ ಸೆರಗಿನಲ್ಲಿ ಮುಚ್ಚಿಟ್ಟು
ಆಮೇಲೆ, ಹಾ! ಎಂದು ತೆಗೆದರೆ
ಜಾತ್ರೆಯ ಜಾದೂಗಾರನ ಮೊಲ.
ಎಲ್ಲ ಮಾಡಿ ನೋಡಿದೆ.
ಎಲ್ಲವನ್ನೂ ಹೊಡೆದುಹಾಕಿದೆ.

ನನ್ನ ತಮ್ಮನ ಹೆಸರು ನೆರ್ಗುಯ್.
ಹಾಗೆಂದರೆ ‘ಹೆಸರಿಲ್ಲ’.
ಅವನಿಗೆ ಮುಂಚೆ ಎರಡು ಕೂಸು ಹೋಗಿದ್ದವು.
ಒಯ್ಯಲು ಬರುವುದಕ್ಕೆ ವಿಳಾಸ ಸಿಗದಿರಲಿ ಅಂತ ಅಮ್ಮ.
ನಲವತ್ನಾಲ್ಕು ವರ್ಷವಾಯಿತು, ಸಿಕ್ಕಿಲ್ಲ.
ಸಾಲ ಕೊಟ್ಟ ಬ್ಯಾಂಕಿನವರಿಗೂ ಸಿಗಲಿಲ್ಲ ಅನ್ನುತ್ತಾನೆ,
ಅದನ್ನು ಮಾತ್ರ ನಂಬಬೇಡಿ.

ಅಜ್ಜಿ ದುಲ್ಮಾಳ ಕಥೆ ಬೇರೆ.
ಮಾವನ ಹೆಸರನ್ನು ಸೊಸೆ ಎತ್ತುವಂತಿಲ್ಲ,
ಆ ಹೆಸರಿನ ವಸ್ತುವನ್ನೂ.
ಅವಳ ಗ್ರಹಚಾರ ನೋಡಿ,
ಹೂವಲ್ಲ, ಹುಲಿಯಲ್ಲ,
ಕಾಲಿಟ್ಟಲ್ಲೆಲ್ಲ ಬಿದ್ದಿರುವಂಥದ್ದು ಆ ಹೆಸರು.
“ಗಾಳಿ ಎದ್ದಿತು, ಹಗ್ಗಕ್ಕೆ ಕಟ್ಟಲು
ಒಂದು ಗಟ್ಟಿಯಾದದ್ದು ತಾ.”
“ಬರಿಗಾಲಲ್ಲಿ ಓಡಬೇಡ, ಗಟ್ಟಿಯಾದದ್ದು ಚುಚ್ಚೀತು.”
ಕಣಿವೆಯ ನೆತ್ತಿಯಲ್ಲಿ ಓವೋ ರಾಶಿಗೆ
ತನ್ನ ಪಾಲಿನದೊಂದು ಸೇರಿಸಿ ಮೂರು ಸುತ್ತು ಬರುವಾಗ
ತುಟಿ ಬಿಗಿದಿರುತ್ತಿತ್ತು.
ಎಪ್ಪತ್ತೆಂಟರಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು
“ಅಜ್ಜೀ, ಮೂತ್ರಪಿಂಡದಲ್ಲಿ…” ಎನ್ನುವಷ್ಟರಲ್ಲಿ
“ಗಟ್ಟಿಯಾದದ್ದು” ಎಂದು ತಾನೇ ಮುಗಿಸಿದಳು.

ಒಡಪು ಕಟ್ಟುವವರು ನಾಚಿಕೆಗೆ ಕಟ್ಟುತ್ತಾರೆ ಅಂದುಕೊಂಡಿದ್ದೆ.
ಆದರೆ ಅವಳು ಹಾಗೆಂದಾಗಲೆಲ್ಲ
ಗೇರಿನೊಳಗೆ ಕೂತ ಎಲ್ಲರಿಗೂ
ಸತ್ತ ಆ ಮುದುಕ ನೆನಪಾಗುತ್ತಿದ್ದ.
ಕೂಗಿ ಕರೆದಿದ್ದರೆ
ಇಷ್ಟು ಸಲ ಬರುತ್ತಿರಲಿಲ್ಲ.

ಆಮೇಲೊಂದು ಬೇಸಿಗೆ
ವಂಶಾವಳಿ ಬರೆದುಕೊಳ್ಳಲು ಗುಮಾಸ್ತ ಬಂದ.
ಬಲ್ಲ ಬಾಯಿಗಳೆಲ್ಲ ಮಣ್ಣಾಗಿ
ಉಳಿದದ್ದು ಅವಳದೊಂದೇ.
“ನಿಮ್ಮ ಮಾವನ ಹೆಸರು?”
ಅವನು ಮೂರು ಬಟ್ಟಲು ಐರಾಗ್ ಕುಡಿದ.
ಪೆನ್ನಿನ ಮುಚ್ಚಳ ಕಚ್ಚಿದ.
ನಾನು ಚಹಾ ಸೋಸುತ್ತಿದ್ದೆ.
ಅಜ್ಜಿ ಎದ್ದಳು, ಮಂಡಿ ಹಿಡಿದುಕೊಂಡು ಹೊರಗೆ ಹೋದಳು,
ಬಂದು ಅವನ ಅಂಗೈಯಲ್ಲಿ ಒಂದನ್ನಿಟ್ಟು
ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

ಬಿಸಿಲಲ್ಲಿದ್ದದ್ದು, ಬೆಚ್ಚಗಿತ್ತೇನೋ.
ಅವನು ಸ್ವಲ್ಪ ಹೊತ್ತು ಹಾಗೇ ಕೂತ.
ಆಮೇಲೆ ಬರೆದುಕೊಂಡ.
ಅವನ ಅಕ್ಷರ ಸಣ್ಣದು, ನನಗೆ ಕಾಣಲಿಲ್ಲ.
ಕಾಣಬೇಕಾಗಿಯೂ ಇರಲಿಲ್ಲ.

ಜಾಂಚಿವ್, ಅವಳಿಗೆ ಹೆಸರಿದೆ.
ತೊಂಬತ್ತು ಪುಟಗಳಿಂದ
ಅದರ ಸುತ್ತಲೇ ನಡೆಯುತ್ತಿದ್ದೇನೆ.
ಇನ್ನೂರ ಹನ್ನೊಂದನೆಯ ಪುಟದಲ್ಲಿ
ಟಿಕೆಟ್ಟಿಗೆ ಚಿಲ್ಲರೆ ಸಾಲದ ಹುಡುಗನೊಬ್ಬ
ಅವಳ ಫ್ಲಾಸ್ಕಿನ ತಳದಲ್ಲಿ
ಉಗುರುಬಣ್ಣದಿಂದ ಬರೆದದ್ದನ್ನು
ಕೂಡಿಸಿ ಕೂಡಿಸಿ ಓದತೊಡಗುತ್ತಾನೆ.
ಎರಡನೆಯ ಅಕ್ಷರಕ್ಕೆ
ಗಡಿಯ ಕಡೆಯಿಂದ ಗೂಡ್ಸು ಗಾಡಿ ಬರುತ್ತದೆ,
ನಲವತ್ತೆಂಟು ಡಬ್ಬಿ.
ಅದು ಪೂರ್ತಿ ದಾಟುವಷ್ಟರಲ್ಲಿ
ಹುಡುಗ ಓದಿ ಮುಗಿಸಿರುತ್ತಾನೆ.
ಅವಳು ಅವನ ಲೋಟಕ್ಕೆ
ಉಪ್ಪುಚಹಾ ಬಗ್ಗಿಸುತ್ತಿರುತ್ತಾಳೆ,
ತುಂಬ ದಿನದ ಮೇಲೆ
ಯಾರೋ ಹೆಸರು ಹಿಡಿದು ಕರೆದ ಹಾಗೆ.