ಒಂದೇ ಹೆಸರಿನ ಜಾಗ

ಬಾ ಹುಡುಗ, ಕೂತುಕೋ, ಆ ಮಣೆ ಗಟ್ಟಿಯಿದೆ.
ನಿನ್ನ ಗಾಜಿನ ಹಲಗೆ ಬಿಸಿಲಿಗೆ ಹಿಡಿಯಬೇಡ,
ಏನೂ ಕಾಣುವುದಿಲ್ಲ ಅಂತ ನೀನೇ ಹೇಳಿದೆ.
ತೋಟದ ಮೂಲೆ ಮೂಲೆ ನಡೆದು ಬಂದಿದ್ದೀಯ,
ಆಕಾಶದಲ್ಲಿ ಯಾವುದೋ ಕಣ್ಣು ಗುರುತು ಹಾಕಿಕೊಂಡಿದೆಯಂತೆ,
ಯುರೋಪಿನವರಿಗೆ ಗೊತ್ತಾಗಬೇಕಂತೆ
ಈ ಕೋಕೋ ಯಾವ ಮರದ್ದು, ಆ ಮರ ಯಾರದ್ದು.
ಮಾಲೀಕರ ಹೆಸರು? ಅನ್ನುತ್ತೀ.
ಒಂದೇ ಹೆಸರಿಗೆ ಜಾಗವಿದೆ ಅನ್ನುತ್ತೀ.

ಬರೆದುಕೋ ಹಾಗಾದರೆ.
ಅಲ್ಲ, ತಡೆ.

ನನ್ನಪ್ಪ ಟೆಹೆ ಇದನ್ನು ಕಾಡಾಗಿ ಕಂಡವನು.
ರಾಸ್ಮಾನೆ ಬಂದದ್ದು ಉತ್ತರದಿಂದ,
ಗಡಿಯಾಚೆ, ಮಳೆ ದಾರಿ ಮರೆತ ಊರಿಂದ,
ಅರ್ಧ ರೈಲಿನಲ್ಲಿ, ಅರ್ಧ ಲಾರಿಯ ನೆತ್ತಿಯಲ್ಲಿ,
ಕಂಕುಳಲ್ಲಿ ಒಂದು ಕೋಳಿ.
ಅಪ್ಪ ಕೋಳಿ ತೆಗೆದುಕೊಂಡ.
ಅದೇ ಕಾಗದ, ಅದೇ ಸಹಿ.
ಕೈ ಚಾಚಿ ತೋರಿಸಿದ: ಆ ಹಳ್ಳದವರೆಗೆ ನಿನ್ನದು.
ಕೊಟ್ಟೆ ಎಂದನೋ, ದುಡಿದುಕೋ ಎಂದನೋ,
ಇಬ್ಬರೂ ಮಣ್ಣಾದ ಮೇಲೆ ಯಾರನ್ನು ಕೇಳಲಿ?

ಕೊಯ್ಲು ಮುಗಿದ ಮೇಲೆ ವರ್ಷ ವರ್ಷವೂ ಬರುತ್ತಿದ್ದ,
ಒಂದು ಚೀಲ ಅಕ್ಕಿ, ತಾನು ಮುಟ್ಟದ ಹೆಂಡದ ಒಂದು ಬಾಟಲಿ.
ನಮ್ಮಜ್ಜಿ ಸತ್ತಾಗ ಗುಂಡಿ ತೋಡಿದವನು ಅವನೇ.
ಅವನ ಮಗಳು ಅಸೇತಾ, ನಾನು,
ಚಾಪೆಯ ಮೇಲಿನ ಬೀಜವನ್ನು ಬರಿಗಾಲಲ್ಲಿ ಕೆದಕುತ್ತಾ
ಎರಡು ಭಾಷೆಯ ಬೈಗುಳ ಕಲಿತೆವು.

ನೀನು ನೋಡಿದ್ದೀಯಾ, ಹಸಿ ಬೀಜ ಹುಳಿಯಲು ಇಡುವುದನ್ನು?
ಬಾಳೆಲೆ ಮುಚ್ಚಿ ಆರು ದಿನ.
ಒಳಗೊಳಗೇ ಕಾಯುತ್ತದೆ, ಕೈಯಿಟ್ಟರೆ ಸುಡುತ್ತದೆ.
ಮೇಲಿಂದ ನೋಡಿದವರಿಗೆ ಬರೀ ಎಲೆ.

ಬೆಲೆ ಬಿದ್ದದ್ದು ಇಲ್ಲಲ್ಲ.
ಲಂಡನ್ನಿನಲ್ಲಿ ಯಾರೋ ಕೆಮ್ಮಿದರು ಅಂದ ದಲ್ಲಾಳಿ,
ತಕ್ಕಡಿ ಮಡಚಿ ಲಾರಿ ಹತ್ತಿದ.
ಅಬಿಜಾನಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು,
ಅಣ್ಣ ಊಲಾಯ್ ಮರಳಿ ಬಂದ,
ಪಾಲಿಶ್ ಹಾಕಿದ ಬೂಟು, ಖಾಲಿ ಸೂಟ್‌ಕೇಸು.
ನನ್ನ ಪಾಲಿನ ನೆಲ ಎಲ್ಲಿ? ಅಂದ.
ರಾಸ್ಮಾನೆಯ ಮರಗಳು
ಆ ವಾರವೇ ಕಾಂಡದ ತುಂಬ ಹೂ ಬಿಡಬೇಕೆ!

ಆಮೇಲೆ ರೇಡಿಯೋ ಹೊಸ ಮಾತು ಕಲಿಸಿತು:
ಇದ್ದವರು, ಬಂದವರು.
ನಮ್ಮ ಮಾತಿನಲ್ಲಿ ಅಲ್ಲಿಯವರೆಗೆ
ಬಂದವನೆಂದರೆ ಊಟಕ್ಕೆ ಕೂರುವವನು.

ರಸ್ತೆಗೆ ಅಡ್ಡ ಮರ ಕೆಡವಿದರು. ಹೆಸರು ಕೇಳಿದರು.
ಚೀಟಿ ಬೇಡ, ಬಾಯಲ್ಲಿ ಹೇಳಿದರೆ ಸಾಕು.
ಊಲಾಯ್ ಕೈಯಲ್ಲಿದ್ದ ಮಚ್ಚು
ರಾಸ್ಮಾನೆ ಸಾಣೆ ಹಿಡಿದುಕೊಟ್ಟದ್ದು.
ಮುದುಕ ಹೆಸರು ಹೇಳಬೇಕಾಗಲೇ ಇಲ್ಲ,
ಅಣ್ಣನಿಗೆ ಗೊತ್ತಿತ್ತಲ್ಲ.

ಎಂಟು ದಿನಕ್ಕೆ ಆ ಕಡೆಯವರು ಬಂದರು.
ಅವರೂ ಹೆಸರು ಕೇಳಿದರು.
ಊಲಾಯ್ ತನ್ನ ಹೆಸರು ಹೇಳಿದ.

ಆ ವರ್ಷವೂ ಕೋಕೋ ಹೋಯಿತು, ಗೊತ್ತಾ?
ಅವರ ಬೀಜ, ನಮ್ಮ ಬೀಜ, ಒಂದೇ ಗೋಣಿಯಲ್ಲಿ
ಸಾನ್ ಪೆದ್ರೊ ಬಂದರಿಗೆ.
ಹಡಗು ಹೆಸರು ಕೇಳಲಿಲ್ಲ.
ಈಗ ಕೇಳುತ್ತಿದೆ.

ನಿನ್ನ ತಪ್ಪಲ್ಲ ಬಿಡು, ನೀನು ಸಂಬಳದವನು.
ಕಾಡು ಕಡಿದವರಾರೆಂದು ಅವರಿಗೆ ತಿಳಿಯಬೇಕು, ಸರಿಯೇ.
ಕಡಿಸಿದವರ ಹೆಸರಿಗೂ ಜಾಗ ಇಟ್ಟಿದ್ದಾರಾ, ನೋಡು.

ಹೋದ ತಿಂಗಳು ಅಸೇತಾ ಬಂದಿದ್ದಳು.
ಹದಿಮೂರು ವರ್ಷವಾಗಿತ್ತು. ಗುರುತೇ ಹತ್ತಲಿಲ್ಲ,
ನನ್ನ ಭಾಷೆಯಲ್ಲಿ ಬೈದಳು, ಹತ್ತಿತು.
ಕೂರಲಿಲ್ಲ. ಹಳ್ಳದ ಕಡೆ ನೋಡಲೂ ಇಲ್ಲ.
ಕಂಕುಳಿಂದ ಕೋಳಿ ಇಳಿಸಿ ಹೋದಳು.

ಅಗೋ, ಆ ಬುಟ್ಟಿಯಡಿ ಇದೆ.
ತೆಗೆದುಕೊಂಡೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.
ಕೊಯ್ಯಲು ಮನಸ್ಸಿಲ್ಲ, ಅಟ್ಟಲು ಧೈರ್ಯವಿಲ್ಲ,
ದಿನಾ ಕಾಳು ಹಾಕುತ್ತೇನೆ.
ನಿನ್ನೆ ಮೊಟ್ಟೆಯಿಟ್ಟಿದೆ.
ಅದು ಯಾರದ್ದು,
ನಿನ್ನ ಹಲಗೆಯನ್ನು ಕೇಳಿ ನೋಡು.