ಅಂಗಾಲು

ಹಡಗಿನ ಬಾಯಿಗೆ ಹಾಸಿದ ಕಬ್ಬಿಣದ ಹಲಗೆ,
ಅದರ ಪಕ್ಕದ ತಕ್ಕಡಿ ನನ್ನದು.
ಏಳನೇ ತಂಡ, ತೂಕದ ಕೆಲಸ.
ಬಂದವರು ನಿಲ್ಲಬೇಕು, ನಾನು ಅಂಕಿ ಬರೆಯಬೇಕು,
ಮಿಕ್ಕದ್ದು ದಾವ್ರಿಕ್ ನೋಡಿಕೊಳ್ಳುತ್ತಾನೆ.
ಅವನ ಕೈ ದೊಡ್ಡದು, ಮಾತು ಕಡಿಮೆ.

ಇರ್ವಾದ ಹೊಟ್ಟೆಯ ಕೆಂಡ ಆರುತ್ತಿದೆ ಅಂತ
ಎಂಜಿನಿಯರುಗಳು ಹೇಳಿದ್ದು ಆರು ವರ್ಷದ ಹಿಂದೆ.
ಇಲ್ಲಿಯವರಿಗೆ ಅದಕ್ಕೂ ಮೊದಲೇ ಗೊತ್ತಿತ್ತಂತೆ,
ಝೂರುಗಳು ನಿದ್ದೆ ಬಿಟ್ಟಾಗ.
ಈಗ ಗಾಳಿ ನೀರುಗಂಜಿಯಷ್ಟು ತೆಳು.
ಎರಡು ಮಾತಾಡಿದರೆ ಮೂರನೆಯದಕ್ಕೆ
ನಿಂತು ಉಸಿರು ತುಂಬಿಕೊಳ್ಳಬೇಕು.

ಹುನೇಶ್ ಎಂಬಾಕೆ ಬಾಗಿಲು ಹೊತ್ತು ತಂದಳು.
ಬರೀ ಬಾಗಿಲು. ಹದಿನೆಂಟು ಕಿಲೋ.
ಆಗುವುದಿಲ್ಲ ಎಂದೆ.
ವಾದಿಸಲಿಲ್ಲ. ಮರಳಿನಲ್ಲಿ ಅದನ್ನು ನಿಲ್ಲಿಸಿ
ಎರಡು ಸಲ ತಟ್ಟಿದಳು,
ಯಾರಾದರೂ ತೆಗೆಯುವರೇನೋ ಎಂಬಷ್ಟು ಹೊತ್ತು ಕಾದಳು,
ಆಮೇಲೆ ಬಂದು ತಕ್ಕಡಿ ಹತ್ತಿದಳು.

ಒಬ್ಬ ಮುದುಕ ಊರ ಬಾವಿಯ ನೀರು
ಕತ್ತಿನವರೆಗೆ ಕುಡಿದು ಬಂದಿದ್ದ.
ಚೀಟಿಯಲ್ಲಿದ್ದದ್ದಕ್ಕಿಂತ ಎರಡು ಕಿಲೋ ಹೆಚ್ಚು.
ಹೊಟ್ಟೆಯೊಳಗಿನದಕ್ಕೆ ನಿಯಮವಿಲ್ಲ. ಬರೆದುಕೊಂಡೆ.

ಕೊನೆಗೆ ಝೂರುಗಳು. ನಲವತ್ತಮೂರು.
ಕಣ್ಣಿಲ್ಲ. ಆರು ಕಾಲು. ಅಂಗಾಲಿನಲ್ಲಿ ಕಿವಿ.
ನೆಲ ಗುನುಗಿದ ಕಡೆಗಷ್ಟೇ ಹೆಜ್ಜೆಯಿಡುವ ಜಾತಿ.
ಹಲಗೆಯ ತುದಿಗೆ ಬಂದವು, ಒಂದು ಪಾದ ಊರಿದವು,
ಹಿಂದೆ ತೆಗೆದವು.
ಕಬ್ಬಿಣ ಏನೂ ಹೇಳಲಿಲ್ಲ.

ಎಳೆದೆವು. ತಳ್ಳಿದೆವು. ಉಪ್ಪು ತೋರಿಸಿದೆವು.
ನಮ್ಮ ಮಾತಿನಲ್ಲಿ ನೆಲ ಕಚ್ಚಿದವರು ಸೋತವರು.
ಇವು ನೆಲ ಕಚ್ಚಿ ನಮ್ಮನ್ನು ಸೋಲಿಸುತ್ತಿದ್ದವು.
ಕೇಟೋ ಗಡಿಯಾರ ನೋಡಿದಳು,
"ಬಿಟ್ಟುಬಿಡಿ" ಅಂದಳು, ಬಿಡಲಾರದ ದನಿಯಲ್ಲಿ.

ಆಗ ಸಾಲಿನಿಂದ ಓಮ್ರಿ ಹೊರಬಂದ.
ಒಂಬತ್ತು ವರ್ಷವಿರಬಹುದು,
ಮೂವತ್ತೊಂದು ಕಿಲೋ, ಚಪ್ಪಲಿ ಸೇರಿ.
ಹಲಗೆಯ ಮೇಲೆ ಬೋರಲು ಮಲಗಿ, ಕಬ್ಬಿಣಕ್ಕೆ ಬಾಯಿಟ್ಟು
ಹೂಂ ಅಂದ.
ಹಾಡಲ್ಲ ಅದು. ಖಾಲಿ ಕೊಡದೊಳಗೆ ತಲೆಯಿಟ್ಟು
ಹೂಂ ಅಂದ ಹಾಗೆ.
ಉಸಿರು ಮುಗಿಯಿತು. ಕೆಮ್ಮಿದ. ಮತ್ತೆ ಹೂಂ.

ದಾವ್ರಿಕ್ ಮಂಡಿಯೂರಿದ. ಹುನೇಶ್ ಇಳಿದು ಬಂದಳು.
ತೂಗಿ ಆಗಿದ್ದವರೆಲ್ಲ ಇಳಿದು ಬಂದು
ಸಾಲಾಗಿ ಬೋರಲು ಬಿದ್ದು
ಒಬ್ಬನ ಉಸಿರು ನಿಂತಲ್ಲಿ ಇನ್ನೊಬ್ಬ ಎತ್ತಿಕೊಂಡು
ಹೂಂ, ಹೂಂ.
ತಕ್ಕಡಿ ಬಿಟ್ಟು ಕದಲಬಾರದೆಂಬುದು ನಿಯಮ.
ಹೋದೆ.
ಗದ್ದ ನಡುಗಿತು, ಹಲ್ಲು ನಡುಗಿತು,
ಆಚೆ ಯಾರೂ ನಿಲ್ಲದ ತಕ್ಕಡಿಯ ಮುಳ್ಳು
ತಾನೇ ನಡುಗುತ್ತಿತ್ತು.

ನನ್ನ ಬೆನ್ನ ಮೇಲೊಂದು ಅಂಗಾಲು ಬಂದು ನಿಂತಿತು.
ಬೆಚ್ಚಗಿತ್ತು. ಕೇಳಿಸಿಕೊಂಡಿತು.
ಮುಂದೆ ಹೋಯಿತು.

ನಲವತ್ತೊಂದು ಹತ್ತಿದವು.
ಎರಡು ತಿರುಗಿ ಬಾಗಿಲಿನ ಕಡೆ ನಡೆದವು,
ಅಲ್ಲಿ ನೆಲದಲ್ಲಿ ಇನ್ನೇನು ಉಳಿದಿತ್ತೋ.

ಲೆಕ್ಕದ ಪುಸ್ತಕಕ್ಕೆ ಎರಡೇ ಮನೆ: ಧನ, ಋಣ.
ಹತ್ತಿದ್ದು ಧನ.
ಋಣದ ಮನೆಯಲ್ಲಿ ಒಂದು ಬಾಗಿಲು, ಎರಡು ಝೂರು.
ಅದರ ಕೆಳಗೆ "ತೀರಿತು" ಎಂದು ಬರೆದು
ರುಜು ಹಾಕಬೇಕು.
ರುಜು ಮಾತ್ರ ಹಾಕಿದೆ.

ಎಂಜಿನ್ ಹೊತ್ತಿಕೊಂಡಾಗ ತಳದ ಕಬ್ಬಿಣವೆಲ್ಲ ಗುನುಗಿತು.
ಝೂರುಗಳು ಒಂದೊಂದಾಗಿ ಕಾಲು ಮಡಚಿ,
ಆರು ವರ್ಷದ ನಿದ್ದೆ,
ಒಂದರ ಮೇಲೊಂದು ಒರಗಿ ಬಿದ್ದವು.
ಓಮ್ರಿ ಅವುಗಳ ನಡುವೆ ಎಲ್ಲೋ.

ಮುದುಕ ಮಾತ್ರ ಎಚ್ಚರ.
ಕಾಲಿಗೆ ಕಾಲು ಬಿಗಿದು, ಹುಬ್ಬು ಗಂಟಿಕ್ಕಿ ಕೂತಿದ್ದಾನೆ.
ಶೌಚದ ಕೋಣೆ ಆ ಕಡೆ, ತಾತ, ಅಂದೆ.
ಗೊತ್ತು ಅಂದ.
ಇನ್ನೂ ಎದ್ದಿಲ್ಲ.