ಜೂನ್ ಒಂದು

ಅಮ್ಮನಿಗೆ ಐವತ್ತೇಳು. ಹೆಸರು ಗ್ಲೆನಿಸ್.
ವೈಯಾಲಾದ ಸ್ಕೂಲ್ ಕ್ಯಾಂಟೀನಿನಲ್ಲಿ
ಇಪ್ಪತ್ತೆರಡು ವರ್ಷ ಪೈ ಬಿಸಿ ಮಾಡಿದ ಕೈ
ಈಗ ಲ್ಯಾಪ್‌ಟಾಪಿನ ಮುಂದೆ
ಒದ್ದೆಯಾಗಿದೆಯೋ ಎಂಬಂತೆ
ಮತ್ತೆ ಮತ್ತೆ ಲಂಗಕ್ಕೆ ಒರೆಸಿಕೊಳ್ಳುತ್ತಿದೆ.

ಹೊರಗೆ ಉಕ್ಕಿನ ಕಾರ್ಖಾನೆಯ ಕೆಂಪು ಧೂಳು
ಒಣಹಾಕಿದ ಬಿಳಿ ದುಪ್ಪಟಿಯನ್ನು ಗುಲಾಬಿ ಮಾಡಿದೆ.
ಒಳಗೆ ಪರದೆ ತೆರಿಗೆ ಸಂಖ್ಯೆ ಕೇಳಿತು;
ಮಗ್ಗಿಯ ಹಾಗೆ ಒಪ್ಪಿಸಿದಳು.
ಆಮೇಲೆ ಕೇಳಿತು:
ಶುಲ್ಕ ಈಗಲೇ ಕಟ್ಟುವಿರೋ,
ಸರ್ಕಾರ ಕಟ್ಟಲಿ, ನೀವು ಆಮೇಲೆ ತೀರಿಸುವಿರೋ?

"ಆಮೇಲೆ ಅಂದರೆ ಯಾವಾಗ?"

ನನ್ನದು ನರ್ಸಿಂಗ್, ಮೂರನೇ ವರ್ಷ.
ಈ ಸಾಲದ ಭಾಷೆ ತಾಯಿನುಡಿಗಿಂತ ಸಲೀಸು ನನಗೆ.
ಬಡ್ಡಿ ಇಲ್ಲಮ್ಮ, ಎಂದೆ.
ಯಾರೂ ಬಂದು ಬಾಗಿಲು ತಟ್ಟುವುದಿಲ್ಲ.
ನಿನ್ನ ಸಂಬಳ ಒಂದು ಗೆರೆ ದಾಟುವವರೆಗೆ
ಒಂದು ಸೆಂಟೂ ಕೇಳುವುದಿಲ್ಲ.
ದಾಟಿದ ಮೇಲೆ, ತೆರಿಗೆಯ ಜೊತೆಗೇ
ತಾನಾಗಿ ಸವೆಯುತ್ತ ಹೋಗುತ್ತದೆ.

"ಕ್ಯಾಂಟೀನಿನ ಸಂಬಳ ದಾಟುತ್ತದಾ?"
ಇಲ್ಲ.
"ಮುಂದೆ?"
ನಾನು ಕೆಟಲ್ ಇಡಲು ಎದ್ದೆ.

ಕೈಯಲ್ಲಿದ್ದುದು ಸಾಲದಿದ್ದರೆ ಸುಮ್ಮನಿರು,
ಸಾಲ ಬೇಡ: ಅದೊಂದೇ ಅವಳ ಧರ್ಮ.
ಹೀಟರು, ನನ್ನ ಶಾಲೆಯ ಶೂ, ಎಲ್ಲ ಲೇ-ಬೈ.
ವಸ್ತು ಅಂಗಡಿಯ ಕಪಾಟಿನಲ್ಲೇ ಇರುತ್ತಿತ್ತು;
ಹದಿನೈದು ದಿನಕ್ಕೊಮ್ಮೆ ಹತ್ತು ಡಾಲರ್ ಕೊಟ್ಟು
ಪೂರ್ತಿ ತನ್ನದಾದ ದಿನ ಎದೆಗವಚಿ ತರುತ್ತಿದ್ದಳು.
ಅಷ್ಟರಲ್ಲಿ ನನ್ನ ಕಾಲು ಬೆಳೆದಿರುತ್ತಿತ್ತು.

ಇತಿಹಾಸಕ್ಕೆ ಎಷ್ಟು ಎಂದು ನೋಡಿದಳು,
ನನ್ನ ನರ್ಸಿಂಗಿಗೆ ಎಷ್ಟು ಎಂದು ನೋಡಿದಳು,
ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.
"ಸತ್ತವರ ವಿಷಯ ಓದುವುದು
ಬದುಕಿದವರ ಶುಶ್ರೂಷೆ ಕಲಿಯುವುದಕ್ಕಿಂತ
ಮೂರು ಪಟ್ಟು ದುಬಾರಿಯಾ?"
ದೇಶಕ್ಕೆ ಬೇಕಾದ ಓದು ಅಗ್ಗ, ಉಳಿದದ್ದು ತುಟ್ಟಿ,
ಎಂದು ವಿವರಿಸಿದೆ.
ವಿವರಿಸುವಾಗ ಆ ದರಪಟ್ಟಿ ಬರೆದ ಜಾಣನ ದನಿ
ನನ್ನ ಗಂಟಲಿನಲ್ಲೇ ಕೇಳಿಸಿತು.

ಅವಳಿಗೆ ಬೇಕಾದದ್ದು ಇಷ್ಟೇ:
ಅವಳಪ್ಪ ಬೆಸುಗೆ ಹಾಕಿದ ಹಡಗುಗಳು
ಈಗ ಯಾವ ನೀರಿನಲ್ಲಿವೆ?
ಅವಳಿಗೆ ಹತ್ತು ತುಂಬಿದ ವರ್ಷ
ಹಡಗುಕಟ್ಟೆಗೆ ಬೀಗ ಹಾಕಿದ ಕಾಗದದ ಮೇಲೆ
ಸಹಿ ಯಾರದು?

ಒಂದು ತಾರೀಖು ಇದೆ, ಎಂದೆ. ಸೆನ್ಸಸ್ ಡೇಟ್.
ಎಣಿಸುವುದು ತಲೆಯನ್ನಲ್ಲ, ಮನಸ್ಸನ್ನು.
ಅಂದು ರಾತ್ರಿಯೊಳಗೆ ಕೋರ್ಸು ಬಿಟ್ಟರೆ ಸಾಲವಿಲ್ಲ.
ದಾಟಿತೋ, ಆಮೇಲೆ ಬಿಟ್ಟರೂ ನಿನ್ನದೇ, ಫೇಲಾದರೂ ನಿನ್ನದೇ.

ಆ ರಾತ್ರಿ ಹನ್ನೊಂದೂವರೆಗೆ ನೀರಿಗೆಂದು ಎದ್ದರೆ
ಅಡುಗೆಮನೆಯಲ್ಲಿ ದೀಪ.
ಪರದೆಯ ಮೇಲೆ ಬಿಡುವ ಬಟನ್,
ಎದುರಿಗೆ ಅಮ್ಮ, ತಣ್ಣಗಾದ ಟೋಸ್ಟ್ ಕಡಿಯುತ್ತ.

"ನಾನು ಸತ್ತರೆ ಇದು ನಿನ್ನ ತಲೆಗೆ ಬರುತ್ತದಾ, ಟೇಗನ್?"
ಇಲ್ಲ. ಉಳಿದ ಸಾಲ ನಿನ್ನ ಜೊತೆಯೇ ಹೋಗುತ್ತದೆ.
"ಖಂಡಿತಾ?"
ಖಂಡಿತಾ.

ಅಪ್ಪ ಹೋದ ಮೇಲೆ
ಅವಳು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.
ಪಕ್ಕದ ಮನೆಯ ನಾಯಿ ಬೊಗಳಿತು.
"ಹಾಗಾದರೆ ಇದು ತಿರುಗುಮುರುಗು ಲೇ-ಬೈ!
ಸಾಮಾನು ಮೊದಲು ಮನೆಗೆ."
ಲ್ಯಾಪ್‌ಟಾಪ್ ಮುಚ್ಚಿ, ತಟ್ಟೆ ತೊಳೆದು, ಮಲಗಿದಳು.
ಹನ್ನೆರಡು ಹೊಡೆದದ್ದು ಕೇಳಿಸಿಕೊಂಡವಳು ನಾನೊಬ್ಬಳೇ.

ಮರುವರ್ಷ ಜೂನ್ ಒಂದು.
ಬೆಲೆಯೇರಿಕೆಗೆ ತಕ್ಕಂತೆ ಸಾಲವೂ ಚೂರು ಏರುವ ದಿನ.
"ಬಡ್ಡಿ ಇಲ್ಲ ಅಂದಿದ್ದೆಯಲ್ಲ?"
ಬಡ್ಡಿಯಲ್ಲಮ್ಮ, ಅದು...
"ಗೊತ್ತು. ಬಡ್ಡಿಯ ತಂಗಿ."

ದಾರಂದದ ಮೇಲೆ ನನ್ನ ಎತ್ತರದ ಪೆನ್ಸಿಲ್ ಗೆರೆಗಳಿವೆ,
ನಾಲ್ಕು ವರ್ಷ, ಏಳು, ಹನ್ನೊಂದು,
ಸೊಟ್ಟಗೆ, ಕೆಂಪು ಧೂಳು ಕೂತು.
ಅವುಗಳ ಪಕ್ಕ, ಬುಡದಲ್ಲಿ,
ಹೊಸದೊಂದು ಗೆರೆ ಎಳೆದು ಅಂಕಿ ಬರೆದಳು.
"ಇದೂ ಬೆಳೆಯುತ್ತದಲ್ಲ. ಇರಲಿ.
ಸದ್ಯ, ನಿನ್ನಷ್ಟು ತಿನ್ನುವುದಿಲ್ಲ."

ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು
ಗುರುವಾರದ ಪ್ರಬಂಧಕ್ಕೆ ಹೋಗಿ ಕೂತಳು.
ಎರಡು ಸಾವಿರ ಪದ.
ಹಡಗು ಇನ್ನೂ ಮೊದಲ ಪುಟಕ್ಕೆ ಬಂದಿರಲಿಲ್ಲ.